ಹೋದ ವಾರದ ಮಾತು

ನಮ್ಮ ಮಾವನವರು ಯಾರ ಮುಖವನ್ನೂ ಮೊದಲು ನೋಡಿದವರಲ್ಲ. ಅವರ ಕಣ್ಣು ನೇರವಾಗಿ ಎದುರಿನವರ ಕೈಗೆ ಹೋಗುತ್ತಿತ್ತು. ಬೆರಳು, ಉಗುರು, ಹಿಡಿದಿರುವ ಚೀಲ, ಜೇಬಿನೊಳಗೆ ಇಳಿದ ಮುಷ್ಟಿ, ಇಷ್ಟನ್ನೂ ಕಣ್ಣಲ್ಲೇ ತಡಕಿ ಮುಗಿಸಿದ ಮೇಲೆ ನಿಧಾನವಾಗಿ ಕತ್ತೆತ್ತಿ "ಹ್ಞಾಂ, ಹೇಳಿ" ಎನ್ನುತ್ತಿದ್ದರು. ಹೆಣ್ಣು ನೋಡಲು ಬಂದಾಗ ನಾನು ನಾಚಿಕೆಯಿಂದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದೆ. ಕೇಸರಿಬಾತಿನ ತಟ್ಟೆಯನ್ನೂ ಮುಟ್ಟದೆ ಅವರು ನನಗೆ ಹೇಳಿದ ಮೊದಲ ಮಾತು, "ಕೈ ಆಚೆ ಇಡಮ್ಮ. ಮುಚ್ಚಿಟ್ಟಿರೋ ಕೈ ನಂಗಾಗಲ್ಲ." ನಮ್ಮಪ್ಪ ಗಾಬರಿಯಾಗಿ, ಹುಡುಗಿಗೆ ಬೆರಳೆಲ್ಲ ಸರಿಯಾಗಿವೆಯೋ ಎಂದು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡು, ನನ್ನ ಎರಡೂ ಅಂಗೈಗಳನ್ನು ಬಿಡಿಸಿ ತೋರಿಸಿದರು.

ಬಾಂಬು ಮತ್ತು ಬಾಂಬು ಇಡುವವರ ಹಿಂದೆ ಓಡಾಡುವುದರಲ್ಲೇ ಅವರ ಸರ್ಕಾರಿ ನೌಕರಿ ಕಳೆದಿತ್ತು. ನಿವೃತ್ತರಾದ ಮೇಲೆ ಭದ್ರತಾ ತಜ್ಞರಾದರು. ಟೀವಿ ಚರ್ಚೆಗಳಲ್ಲಿ ಅವರ ಎದೆಯ ಕೆಳಗೆ ಹಾಗೆಂದು ಬರೆದಿರುತ್ತಿತ್ತು. ಶಾಪಿಂಗ್ ಮಾಲುಗಳಿಗೆ, ಕಂಪನಿಗಳಿಗೆ ಸಲಹೆ ಕೊಟ್ಟು ಮಿಕ್ಕಿದ್ದನ್ನು ಜಯನಗರದ ನಮ್ಮ ಮನೆಯ ಮೇಲೆ ಸುರಿಯುತ್ತಿದ್ದರು. ಗೇಟಿಗೊಂದು ಕ್ಯಾಮೆರಾ, ಹಿಂಬಾಗಿಲಿಗೊಂದು, ತುಳಸಿಕಟ್ಟೆಗೊಂದು. ಅತ್ತೆ ತುಳಸಿಗೆ ಪ್ರದಕ್ಷಿಣೆ ಬರುವುದನ್ನು ಮಹಡಿಯ ಮೇಲೆ ಕೂತು ಫೋನಿನಲ್ಲಿ ನೋಡಿ, "ಇವತ್ತೊಂದು ಸುತ್ತು ಕಮ್ಮಿ ಹಾಕ್ದೆ" ಎಂದು ಕೂಗಿ ಹೇಳುತ್ತಿದ್ದರು. ದೇವರಿಗೂ ಅಷ್ಟು ನಿಗಾ ಇರಲಿಕ್ಕಿಲ್ಲ.

ಒಂದು ಸಲ ಮಾತ್ರ ತಮ್ಮ ಭಯದ ಬುಡ ತೋರಿಸಿದ್ದರು. ಯಾವುದೋ ಊರಿನ ಸಂತೆಯಲ್ಲಿ ಒಂದು ಟಿಫಿನ್ ಕ್ಯಾರಿಯರ್ ಬಹಳ ಹೊತ್ತಿನಿಂದ ಒಂಟಿಯಾಗಿ ಬಿದ್ದಿತ್ತಂತೆ. "ಎಲ್ರೂ ನೋಡಿದ್ರಮ್ಮ. ಯಾರ್ದು ಅಂತ ಒಬ್ರೂ ಕೇಳ್ಲಿಲ್ಲ. ನಾನು ಹೋಗೋ ಹೊತ್ಗೆ ಕೇಳೋಕೆ ಯಾರೂ ಉಳಿದಿರ್ಲಿಲ್ಲ" ಎಂದು ಅನ್ನ ಕಲಸುವುದನ್ನು ನಿಲ್ಲಿಸಿದರು. ಆಮೇಲೆ ಊಟ ಸೇರಲಿಲ್ಲ. ಅವರನ್ನು ಪೂರ್ತಿಯಾಗಿ ದ್ವೇಷಿಸಲು ನನಗೆ ಆಗದೆ ಹೋದದ್ದು ಆ ಒಂದು ಊಟದಿಂದ.

ಆದರೆ ಕೇಳುವ ಚಟ ಎಲ್ಲಿಗೆ ಮುಟ್ಟಿತೆಂದರೆ, ಗೌರಿ ಹಬ್ಬದ ದಿನ ಎದುರುಮನೆಯಾಕೆ ಅತ್ತೆಗೆ ಮೊರದ ಬಾಗಿನ ತಂದರು. ಅತ್ತೆ ಸ್ನಾನಕ್ಕೆ ಹೋಗಿದ್ದರು. ಆಕೆ ಬಾಗಿನವನ್ನು ಜಗಲಿಯ ಮೇಲಿಟ್ಟು, ಮರೆತು ಬಂದಿದ್ದ ಅರಿಶಿನ ಕುಂಕುಮದ ಬಟ್ಟಲು ತರಲು ಮನೆಗೆ ಹಿಂದಿರುಗಿದರು. ಅಷ್ಟರಲ್ಲಿ ಮಾವನವರು ಕೆಳಗಿಳಿದು ಬಂದರು. ಒಂದರ ಮೇಲೊಂದು ಕವುಚಿ, ದಾರ ಸುತ್ತಿ ಕಟ್ಟಿದ ಎರಡು ಮೊರ, ಒಳಗೆ ಏನಿದೆಯೋ ಕಾಣದು, ಇಟ್ಟವರ ಪತ್ತೆಯಿಲ್ಲ. ನಮ್ಮನ್ನೆಲ್ಲ ಹಿತ್ತಲಿಗೆ ಅಟ್ಟಿ, ಗಿಡಕ್ಕೆ ನೀರು ಹಾಯಿಸುವ ಪೈಪು ಹಿಡಿದು ದೂರದಿಂದಲೇ ನೀರು ಬಿಟ್ಟರು. ಎದುರುಮನೆಯಾಕೆ ಕುಂಕುಮದ ಬಟ್ಟಲು ಹಿಡಿದು ಬಂದಾಗ ಮೊರ ಮಗುಚಿ, ಬೆಲ್ಲ ಕರಗಿ ರವಿಕೆ ಕಣಕ್ಕೆ ಮೆತ್ತಿತ್ತು, ಬಳೆಗಳು ಮೋರಿಯ ಕಡೆ ಉರುಳುತ್ತಿದ್ದವು. "ಇಟ್ಟೋರು ಪಕ್ಕದಲ್ಲೇ ನಿಂತಿರ್ಬೇಕಿತ್ತು" ಎಂದರು ಮಾವನವರು, ಕ್ಷಮೆ ಕೇಳುವ ಬದಲು. ಆಕೆ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಒದ್ದೆ ತಲೆಯ ಅತ್ತೆ ಆ ಬಳೆಗಳನ್ನು ಒಂದೊಂದೇ ಆರಿಸಿಕೊಂಡರು.

ಕಷ್ಟವೇನೆಂದರೆ, ಅವರು ಆಗಾಗ ಸರಿಯಾಗಿಯೂ ಇರುತ್ತಿದ್ದರು. ಗ್ಯಾಸ್ ಒಲೆ ರಿಪೇರಿಯೆಂದು ಬಂದವನೊಬ್ಬನ ಉಗುರು ನೋಡಿ, "ಮಸಿ ಇಲ್ಲದಿರೋ ಕೈ, ನಡಿ ಆಚೆ" ಎಂದು ಗೇಟಿನಿಂದಲೇ ಓಡಿಸಿದರು. ಅದೇ ವಾರ ಅವನು ಹಿಂದಿನ ರಸ್ತೆಯ ಮನೆಯೊಂದರಲ್ಲಿ ಕತ್ತಿನ ಸರಕ್ಕೆ ಕೈಹಾಕಿ ಸಿಕ್ಕಿಬಿದ್ದ. ಅಲ್ಲಿಂದ ಮನೆಯಲ್ಲಿ ಅವರ ಮಾತಿಗೆ ಎದುರಾಡುವುದು ನಿಂತುಹೋಯಿತು.

ಹಾಗೆ ಬಂದದ್ದು ವಾರದ ಮಾತು. ಈಗ ಯಂತ್ರಗಳು ಯಾರ ದನಿಯನ್ನಾದರೂ ಹಾಗೇ ಇಳಿಸುತ್ತವೆ, ಮಗನ ದನಿಯಲ್ಲಿ ಅತ್ತು ತಾಯಿಯನ್ನು ಸುಲಿಯುತ್ತಾರೆ ಎಂದು ಅವರು ಹೆದರಿಸಿದ್ದರು. ಅದಕ್ಕೆ ಪ್ರತಿ ಭಾನುವಾರ ತಿಂಡಿಯಾದ ಮೇಲೆ ಒಂದು ಗುಟ್ಟಿನ ಮಾತು ಕೊಡುತ್ತಿದ್ದರು. ಬೇರೆ ನಂಬರಿನಿಂದ ಫೋನ್ ಮಾಡಿದವರು ಮೊದಲು ಅದನ್ನು ಹೇಳಬೇಕು. ಅತ್ತೆಗೆ ನೆನಪಿರಲೆಂದು ತರಕಾರಿಯ ಹೆಸರುಗಳನ್ನೇ ಇಡುತ್ತಿದ್ದರು.

"ಇಷ್ಟು ವರ್ಷ ಕೇಳಿರೋ ದನಿ ಸಾಲ್ದೇನ್ರೀ?" ಎಂದು ಅತ್ತೆ ಕೇಳಿದ್ದರು.

"ಸಾಲ್ದು. ಹಳೇ ಮಾತು ಹೇಳಿದ್ರೆ ಇನ್ನೂ ಡೇಂಜರ್. ಹಳೇದು ಇರೋದು ಕದ್ದೋನ ಹತ್ರಾನೇ."

ಒಂದು ಸೋಮವಾರ ಅವರು ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ಭಯೋತ್ಪಾದನೆ, ತಂತ್ರಜ್ಞಾನ ಮತ್ತು ಕುಟುಂಬ ಎಂಬ ವಿಷಯದ ಮೇಲೆ ಮಾತಾಡುತ್ತಿದ್ದರು. ಅತ್ತೆ ಸಾರಕ್ಕಿ ಮಾರ್ಕೆಟ್ಟಿಗೆ ಹೋಗಿದ್ದರು. ಫೋನನ್ನು ಚಾರ್ಜಿಗಿಟ್ಟು ಮರೆತಿದ್ದರು. ಸೊಪ್ಪಿನ ಅಂಗಡಿಯ ಮುಂದೆ ಕುಸಿದು ಕೂತರು. ಸೊಪ್ಪಿನಾಕೆಯ ಫೋನು ತೆಗೆದುಕೊಂಡು, ಬಾಯಿಪಾಠವಿದ್ದ ಒಂದೇ ನಂಬರಿಗೆ, ಗಂಡನಿಗೆ, ಕರೆ ಮಾಡಿದರು. ಮುಂದಿನದನ್ನು ಅಪಾರ್ಟ್‌ಮೆಂಟಿನವರು ಚಿತ್ರೀಕರಿಸಿದ ವಿಡಿಯೋದಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ಗೊತ್ತಿಲ್ಲದ ನಂಬರು ಕಂಡದ್ದೇ ಮಾವನವರ ಮುಖ ಅರಳಿತು. ಫೋನನ್ನು ಸ್ಪೀಕರಿಗೆ ಹಾಕಿ ಮೈಕಿನ ಹತ್ತಿರ ಹಿಡಿದರು.

"ರೀ... ನಾನ್ರೀ. ಬಲಗೈ ಎತ್ತಕ್ಕಾಗ್ತಿಲ್ಲ. ಬೇಗ ಬನ್ರೀ." ದನಿ ತೊದಲುತ್ತಿತ್ತು.

"ಈ ವಾರದ ಮಾತೇನು?"

ಏದುಸಿರು ಮೈಕಿನಲ್ಲಿ ಕೇಳಿಸಿತು. ಆಮೇಲೆ, "ಹೀ... ಹೀರೇಕಾಯಿ."

"ಅದು ಹೋದ ವಾರದ್ದು ಕಣಮ್ಮ" ಎಂದು ಮಾವನವರು ನಕ್ಕು ಕರೆ ಕಡಿದರು. ಆ ನಂಬರನ್ನು ಅಲ್ಲೇ ಬ್ಲಾಕ್ ಮಾಡಿ ಸಭೆಗೆ ತೋರಿಸಿದರು. "ನೋಡಿದ್ರಾ? ನಮ್ಮನೆಯೋರ ದನಿ, ಥೇಟ್! ಆದ್ರೆ ಆ ತೊದಲು ಗಮನಿಸಿ. ಮಷಿನ್ ಮಾಡಿದ್ದಕ್ಕೆ ಅದೇ ಗುರುತು." ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಅಂಕಲ್ ಒಬ್ಬರು ಎದ್ದು ನಿಂತೇ ತಟ್ಟಿದರು.

ಸೊಪ್ಪಿನಾಕೆ ಮತ್ತೆ ಮತ್ತೆ ಪ್ರಯತ್ನಿಸಿ ಸೋತಳು. ಕೊನೆಗೆ ಅತ್ತೆಯ ಗುರುತು ಹಿಡಿದದ್ದು, ಬಹಳ ತಡವಾಗಿ ಮಾರ್ಕೆಟ್ಟಿಗೆ ಬಂದ ಎದುರುಮನೆಯಾಕೆ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದೂ, ಬೊಮ್ಮನಹಳ್ಳಿಯಲ್ಲಿ ಕೆಲಸದಲ್ಲಿದ್ದ ನನ್ನ ಗಂಡನಿಗೆ ಫೋನ್ ಮಾಡಿದ್ದೂ ಅವರೇ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. "ಇನ್ನೂ ಬೇಗ ಕರ್ಕೊಂಡು ಬಂದಿದ್ರೆ ಕೈ ಉಳೀತಿತ್ತು" ಎಂದರು ಡಾಕ್ಟರು. ಬಿಡಿಸಿದ ರಂಗೋಲಿಯನ್ನು ದಾರಿಹೋಕರು ನಿಂತು ನೋಡುವಂತೆ ಮಾಡುತ್ತಿದ್ದ ಆ ಬಲಗೈ, ಹಾಸಿಗೆಯ ಮೇಲೆ ಯಾರದೋ ವಸ್ತುವಿನಂತೆ ಬಿದ್ದಿತ್ತು.

ಮಾವನವರು ಬಂದರು. ಎಂದಿನಂತೆ ಮೊದಲು ಕೈ ನೋಡಿದರು. ಬಹಳ ಹೊತ್ತು ನೋಡಿದರು. ಈಗಲಾದರೂ ಹೇಳುತ್ತಾರೆ ಎಂದು ನಾನು ಕಾದೆ. "ಪದ್ಧತೀಲಿ ತಪ್ಪಿರ್ಲಿಲ್ಲ" ಎಂದು ಮಗನ ಕಡೆ ತಿರುಗಿದರು. "ಇವಳೇ ಹಳೇ ಮಾತು ಹೇಳಿದ್ಲು." ಅತ್ತೆಗೆ ಎಚ್ಚರವಿತ್ತು. ಅಷ್ಟೂ ಕೇಳಿಸಿತು. ಅಂಥ ಅಸಹ್ಯ ನನಗೆ ಇನ್ಯಾವ ಮನುಷ್ಯನ ಮೇಲೂ ಹುಟ್ಟಿಲ್ಲ.

ಮನೆಗೆ ಬಂದ ಮೇಲಿನ ಭಾನುವಾರ, ತಿಂಡಿಯಾದ ಮೇಲೆ ಅತ್ತೆ ಹೇಳಿದರು, "ಇನ್ಮೇಲೆ ವಾರದ ಮಾತು ನಾನಿಡ್ತೀನಿ." ತೊದಲು ಅಷ್ಟುಹೊತ್ತಿಗೆ ಸರಿಹೋಗಿತ್ತು. "ಅದನ್ನ ಹೇಳೋವರ್ಗೂ ನಿಮ್ ಜೊತೆ ನಂಗೆ ಮಾತಿಲ್ಲ." ಮಾತು ಏನೆಂದು ಅವರಿಗೆ ಹೇಳಲಿಲ್ಲ. ನಿಯಮ ನಿಯಮವೇ ಎನ್ನುವ ಮನುಷ್ಯ, ಮಾವನವರು ಒಪ್ಪಿಕೊಂಡರು. ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬೀನ್ಸ್?" ಎನ್ನುವರು. ಅತ್ತೆ ಅಲ್ಲವೆಂದು ತಲೆಯಾಡಿಸುವರು. "ಮೂಲಂಗಿ? ಸೀಮೆಬದನೆ?" ಕಾಫಿ ಬೇಕಿದ್ದರೆ ನನ್ನ ಕೈಯಿಂದ. ಒಂದು ದಿನ ತಡೆಯಲಾರದೆ ಅತ್ತೆಯನ್ನು ಕೇಳಿದೆ.

"'ತಪ್ಪಾಯ್ತು' ಅಂತ. ಅದೊಂದೇ. ಬದಲಾಯ್ಸೇ ಇಲ್ಲ. ನೀವ್ಯಾರೂ ಹೇಳ್ಕೊಡ್ಬೇಡಿ. ಹೇಳ್ಕೊಟ್ಟಿದ್ದು ಲೆಕ್ಕಕ್ಕಿಲ್ಲ."

ನನ್ನ ಗಂಡ ನೋಡಲಾರದೆ, "ಅಪ್ಪಾ, ತರಕಾರಿ ಬಿಟ್ಟು ಬೇರೇನಾದ್ರೂ ಹೇಳಿ ನೋಡಿ" ಎಂದ. ಮಾವನವರು ಯೋಚಿಸಿದರು. ಮರುದಿನ ಬಾಗಿಲಲ್ಲಿ ನಿಂತು, "ಸಪೋಟ?" ಎಂದರು. ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ಇಡೀ ದೇಶದ ಬೀಗಗಳ ಬಗ್ಗೆ ಮಾತಾಡುತ್ತಿದ್ದವರಿಗೆ ಇದೊಂದು ತೆರೆಯಲಿಲ್ಲ. ಟೀವಿಯವರು ಕರೆದರೂ ಹೋಗುವುದನ್ನು ಬಿಟ್ಟರು. ತುಳಸಿಕಟ್ಟೆಯ ಕ್ಯಾಮೆರಾ ಮಾತ್ರ ಇಟ್ಟುಕೊಂಡು, ಎಡಗೈಯಲ್ಲಿ ಚೊಂಬು ಹಿಡಿದು ಸುತ್ತು ಬರುವ ಹೆಂಡತಿಯನ್ನು ನೋಡುತ್ತಿದ್ದರು. ಸುತ್ತು ಕಮ್ಮಿಯಾಯಿತೆಂದು ಮತ್ತೆಂದೂ ಕೂಗಲಿಲ್ಲ.

ಅವರಿಂದ ಕಲಿತದ್ದು ನನ್ನನ್ನೂ ಬಿಟ್ಟಿಲ್ಲ; ಬಾಗಿಲು ತೆರೆದಾಗ ನನ್ನ ಕಣ್ಣು ಮೊದಲು ಬಂದವರ ಕೈಗೇ ಹೋಗುತ್ತದೆ. ಅದು ನನ್ನ ಮೇಲಿರುವ ಅವರ ಋಣ ಎನ್ನಬೇಕೋ, ಅವರು ಅಂಟಿಸಿದ ರೋಗ ಎನ್ನಬೇಕೋ ತಿಳಿಯದು.

ಅವರು ತೀರಿಕೊಂಡ ದಿನ ಬೆಳಿಗ್ಗೆ ನಾವೆಲ್ಲ ಹಾಸಿಗೆಯ ಸುತ್ತ ಇದ್ದೆವು. ಕಣ್ಣು ತೆರೆಯುವ ಶಕ್ತಿ ಹೋಗಿತ್ತು. ಅತ್ತೆ ಹತ್ತಿರ ಕುಳಿತು, ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ಅವರ ಅಂಗೈಯೊಳಗೆ ಇಟ್ಟರು. ಮಾವನವರು ಬೆರಳು ಬೆರಳನ್ನೂ ಸವರಿ ನೋಡಿದರು. ಅಲುಗದ ಆ ಬೆರಳುಗಳ ಗುರುತು ಅವರಿಗೆ ಹತ್ತಿತು. ತುಟಿ ತೆರೆದರು. "ಹೇಳಪ್ಪಾ" ಎಂದು ನನ್ನ ಗಂಡ ಅಳುತ್ತಾ ಬಗ್ಗಿದ. ಬರುತ್ತದೆ, ಇವತ್ತು ಬಂದೇ ಬರುತ್ತದೆ ಎಂದುಕೊಂಡೆ.

"ಹೀ... ಹೀರೇಕಾಯಿ" ಎಂದರು, ತೊದಲಿ.

ಅತ್ತೆ ಅವರ ಮುಖವನ್ನೇ ನೋಡಿದರು.

"ಅದು ಹೋದ ವಾರದ್ದು ರೀ" ಎಂದರು. ಬಲಗೈಯನ್ನು ಎಡಗೈಯಿಂದ ಎತ್ತಿಕೊಂಡು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು. ಮಾವನವರ ಕೈ ಹೊದಿಕೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಹುಡುಕುತ್ತಿತ್ತು.