ಎರಡು ದನಗಳ ನಡುವಿನ ‘ಸ್ವಲ್ಪ’

ಪಕ್ಕದ ಮನೆಯ ಹುಡುಗಿ ಇಂಗ್ಲಿಷ್ ಪುಸ್ತಕ ಹಿಡಿದು ಬಂದಿದ್ದಳು. ‘ಸ್ಲೈಟ್ಲಿ ಬೆಟರ್’, ‘ಮಚ್ ಬೆಟರ್’, ‘ಆಲ್ಮೋಸ್ಟ್ ದಿ ಸೇಮ್’ – ಎರಡು ವಸ್ತುಗಳ ನಡುವೆ ಎಷ್ಟು ವ್ಯತ್ಯಾಸವಿದ್ದರೆ ಯಾವುದನ್ನು ಬಳಸಬೇಕೆಂಬುದು ಅವಳ ಪ್ರಶ್ನೆ. ಉತ್ತರ ಕೊಡಬೇಕಾದ ನಾನು ನಗತೊಡಗಿದೆ. ನಿಲ್ಲಿಸಲಾಗಲಿಲ್ಲ. ಅವಳಿಗೆ ಹೇಳಿದ ಕಾರಣವನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಜಿಲ್ಲೆ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ನರಿಮೊಗರಿನ ಹತ್ತಿರ ನನ್ನ ದೊಡ್ಡಪ್ಪ, ಚಿಕ್ಕಪ್ಪ ಪಾಲಾದರು. ಗದ್ದೆ, ತೋಟ ಜಗಳವಿಲ್ಲದೆ ಹಂಚಿಹೋದವು. ಒಂದೇ ತಾಯಿಯ ಎರಡು ದನಗಳಲ್ಲಿ ಕಪಿಲೆ ದೊಡ್ಡಮ್ಮನ ಹಟ್ಟಿಗೂ ಗೌರಿ ಚಿಕ್ಕಮ್ಮನ ಹಟ್ಟಿಗೂ ಹೋದವು. ಒಳ್ಳೆಯ ದನ ಚಿಕ್ಕಮ್ಮನ ಪಾಲಿಗೆ ಹೋಯಿತೆಂದು ದೊಡ್ಡಮ್ಮ. ಎರಡೂ ಒಂದೇ ಎಂದು ಚಿಕ್ಕಮ್ಮ. ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು. ಆಮೇಲೆ ಬೇಲಿಯ ಆಚೆ ಈಚೆ ನಿಂತು ಇಬ್ಬರೂ ತಮ್ಮ ತಮ್ಮ ದನದ ಜೊತೆ ಮಾತಾಡುತ್ತಿದ್ದರು, ಪರಸ್ಪರ ಕೇಳಿಸುವಷ್ಟು ಗಟ್ಟಿಯಾಗಿ.

ಶಾಲೆಯ ಬಯಲಿನಲ್ಲಿ ದನಗಳ ಪ್ರದರ್ಶನ ಏರ್ಪಟ್ಟಾಗ ಚಿಕ್ಕಮ್ಮ ಬಹುಮಾನದ ಹಿತ್ತಾಳೆ ಕೊಡಪಾನದ ಆಸೆಗೆ ಗೌರಿಯನ್ನು ಕರೆತಂದರು. ದೊಡ್ಡಮ್ಮ ಸೋಲುವುದಕ್ಕೆಂದೇ ಕಪಿಲೆಯನ್ನು ಕರೆತಂದರು. ಸರಕಾರವೇ ಗೌರಿ ಮೇಲು ಎಂದುಬಿಟ್ಟರೆ ತನಗಾದ ಅನ್ಯಾಯಕ್ಕೆ ಮುದ್ರೆ ಬಿದ್ದಂತೆ.

ತೀರ್ಪುಗಾರರು ಮದರಾಸಿನ ಕಡೆಯ ಸಾಧು ಅಧಿಕಾರಿ. ಕನ್ನಡ, ತುಳು ಎರಡೂ ಬಾರದು. ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿ ಎದೆಯುಬ್ಬಿಸಿಕೊಂಡಿದ್ದ ನಾನೇ ದುಭಾಷಿ. ಕೊನೆಗೆ ಉಳಿದದ್ದು ನಮ್ಮ ಎರಡೇ ದನ. ಅವರು ಗೌರಿಯ ಬೆನ್ನು ತಟ್ಟಿ, “ಸ್ಲೈಟ್ಲಿ ಬೆಟರ್” ಎಂದರು.

“ಗೌರಿ ಸ್ವಲ್ಪ ಒಳ್ಳೆಯದಂತೆ,” ಎಂದೆ.

“ಸ್ವಲ್ಪವಾ?” ದೊಡ್ಡಮ್ಮನ ಮುಖ ಕೆಂಪಾಯಿತು. “ಸ್ವಲ್ಪ ಅಂದ್ರೆ ಎಷ್ಟು? ಸರಿಯಾಗಿ ನೋಡ್ಲಿಕ್ಕೆ ಹೇಳು ಮಾರಾಯ.”

ಸೋತವರು ನೊಂದಿದ್ದಾರೆಂದುಕೊಂಡ ಆ ಸಜ್ಜನ ಸಮಾಧಾನಕ್ಕೆ, “ವೆರಿ ಸ್ಲೈಟ್ಲಿ” ಎಂದರು. ನಾನು “ಚೂರೇ ಚೂರು” ಎಂದೆ. ದೊಡ್ಡಮ್ಮನ ಸಿಟ್ಟು ಏರಿತು. ಅದು ಏರಿದಷ್ಟೂ ಅಧಿಕಾರಿ ವ್ಯತ್ಯಾಸವನ್ನು ಇಳಿಸಿದರು. “ಹಾರ್ಡ್ಲಿ ಎನಿ ಡಿಫರೆನ್ಸ್.” ಹೇಳಿಕೊಳ್ಳುವಂಥದ್ದೇನಿಲ್ಲ. “ಆಲ್ಮೋಸ್ಟ್ ದಿ ಸೇಮ್.” ಹೆಚ್ಚುಕಡಿಮೆ ಒಂದೇ. ನನ್ನ ಕನ್ನಡ ಮುಗಿಯುತ್ತ ಬಂತು. ಅವರ ಇಂಗ್ಲಿಷು ಮುಗಿಯುವ ಲಕ್ಷಣವಿರಲಿಲ್ಲ. ಸುತ್ತ ನೆರೆದವರು ಏಲದ ಕಟ್ಟೆಯಲ್ಲಿ ನಿಂತಂತೆ, “ಈಗ ಎಷ್ಟಕ್ಕೆ ಇಳಿಯಿತು?” ಎಂದು ವಿಚಾರಿಸುತ್ತಿದ್ದರು.

“ಇವರಿಗೆ ಕಣ್ಣು ಉಂಟಾ ಇಲ್ವಾ? ನನ್ನ ದನದ ಕೆಚ್ಚಲಲ್ಲಿ ಎಂತ ಉಂಟು ಅಂತ ಕೇಳು,” ಎಂದರು ದೊಡ್ಡಮ್ಮ. ನಾನು ಕೇಳಲಿಲ್ಲ. ಅಧಿಕಾರಿಗೆ ಅವರ ಮುಖವೇ ಸಾಕಾಯಿತು. “ಅಬ್ಸಲ್ಯೂಟ್ಲಿ ನೋ ಡಿಫರೆನ್ಸ್” ಎಂದು ಕೈ ಚೆಲ್ಲಿದರು. ವ್ಯತ್ಯಾಸವೇ ಇಲ್ಲವಂತೆ ಎಂದೆ. ಹಾಗಾದರೆ ಮೊದಲ ಬಹುಮಾನ ಯಾರಿಗೂ ಇಲ್ಲವೆಂದು ಕೊಡಪಾನವನ್ನು ಮೇಜಿನ ಕೆಳಗೆ ಇಡಿಸಿದರು.

ಅದುವರೆಗೆ ಸುಮ್ಮನಿದ್ದ ಚಿಕ್ಕಮ್ಮ ಮುಂದೆ ನುಗ್ಗಿದರು.

“ಅದು ಹೇಗೆ ಆಗುದು? ನನ್ನ ಗೌರಿ ಎಲ್ಲಿ, ಅವರ ಕಪಿಲೆ ಎಲ್ಲಿ. ತುಂಬಾ ವ್ಯತ್ಯಾಸ ಉಂಟು. ಅಜಗಜಾಂತರ ಉಂಟು.”

ದೊಡ್ಡಮ್ಮ ನಿಧಾನವಾಗಿ ಚಿಕ್ಕಮ್ಮನ ಕಡೆ ತಿರುಗಿದರು. “ಇನ್ನೊಮ್ಮೆ ಹೇಳು,” ಎಂದರು. ಪಾಲಾದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು.

ಏನು ಒಪ್ಪಿಕೊಂಡೆನೆಂದು ಚಿಕ್ಕಮ್ಮನಿಗೆ ತಿಳಿದದ್ದು ಆಗಲೇ. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. “ಹೌದಕ್ಕ, ಗೌರಿಯೇ ಒಳ್ಳೇದು. ಈ ಸಲದ ಕರು ನಿಮಗೆ.”

“ಕರು ಯಾರಿಗೆ ಬೇಕು ಮಾರಾಯ್ತಿ? ನಿನ್ನ ಬಾಯಿಂದ ಬಂತಲ್ಲ, ಸಾಕು,” ಎನ್ನುತ್ತ ದೊಡ್ಡಮ್ಮನೂ ನಕ್ಕರು. ಕಂಗಾಲಾದ ಅಧಿಕಾರಿ ನನ್ನ ಮುಖ ನೋಡಿದರು. “ವೆರಿ ಮಚ್ ಬೆಟರ್, ಸರ್,” ಎಂದೆ. ಕೊಡಪಾನ ಹೊರಗೆ ಬಂತು.

ಅದನ್ನು ಸೊಂಟದ ಮೇಲಿಟ್ಟುಕೊಂಡು ನಡೆದವರು ದೊಡ್ಡಮ್ಮ. ಪಕ್ಕದಲ್ಲಿ ಚಿಕ್ಕಮ್ಮ. ಇಬ್ಬರಿಗೂ ಮಾತು ಬಹಳ ಬಾಕಿಯಿತ್ತು. ದನಗಳ ಹಗ್ಗ ಎರಡೂ ನನ್ನ ಕೈಯಲ್ಲಿ.

“ನಿಜವಾಗಿ ಯಾವುದು ಒಳ್ಳೆದಿತ್ತು ಅಜ್ಜ?” ಹುಡುಗಿ ಕೇಳಿದಳು.

ನನಗೇನು ಗೊತ್ತು. ಮನೆ ತಲುಪಿದಾಗ ಯಾವುದು ಕಪಿಲೆ, ಯಾವುದು ಗೌರಿ ಎಂದೇ ತಿಳಿಯದೆ ಬೇಲಿಯ ಬಳಿ ನಿಂತಿದ್ದೆ. ಯಾವುದನ್ನು ಎಲ್ಲಿ ಕಟ್ಟಲಿ ಎಂದು ದೊಡ್ಡಮ್ಮನನ್ನು ಕೂಗಿ ಕೇಳಿದೆ.

“ಯಾವುದನ್ನಾದ್ರೂ ಕಟ್ಟು ಮಾರಾಯ,” ಎಂದರು, ಚಿಕ್ಕಮ್ಮನ ಜಗಲಿಯಿಂದ.