ಅನ್ನದ ಪಾತ್ರೆಯಲ್ಲಿ ಎಳೆ ಹುಡುಕಿದ ಕೈ

ಮೊನ್ನೆ ಅನ್ನ ಕುದಿಯುವಾಗ ಸೊಸೆಯ ಹತ್ತಿರ ಸೌಟು ಕೇಳಲು ಹೋಗಿ 'ಗರಿಟೆ' ಎಂದೆ. ಅದು ತೆಲುಗು. ಅವಳು ನಕ್ಕಳು. ನೀವೂ ನಗುತ್ತೀರಿ. ನನಗೆ ಮಾತ್ರ ಅಕ್ಕನ ಕೈ ನೆನಪಾಯಿತು.

ನಾವಿಬ್ಬರೂ ಕೋಡಿಹಳ್ಳಿ ಕಡೆಯವರು, ಮನೆಮಾತು ತೆಲುಗು. ಮದುವೆಯಾಗಿ ರಾಮನಗರಕ್ಕೆ ಬಂದು ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಸೇರಿದೆವು. ಕುದಿಯುವ ನೀರಿನಲ್ಲಿ ತೇಲುವ ಗೂಡಿನ ಎಳೆಯ ತುದಿಯನ್ನು ಬೆರಳಲ್ಲೇ ಹಿಡಿದು ಚರಕಕ್ಕೆ ಕೊಡಬೇಕು. ಬೆಂದ ಹುಳುವಿನ ನಾತ ಎಷ್ಟು ಒಗೆದರೂ ಸೀರೆ ಬಿಡುತ್ತಿರಲಿಲ್ಲ. ಅಕ್ಕ ಶೆಡ್ಡಿನ ಮಾಲೀಕ ಸಾಹೇಬರ ಜೊತೆ ಉರ್ದು, ಪಕ್ಕದವಳ ಜೊತೆ ಕನ್ನಡ, ನನ್ನನ್ನು ಬೈಯಲು ತೆಲುಗು ಆಡುವಳು. ಎಳೆಯಿಂದ ಕಣ್ಣು ಕದಲುತ್ತಿರಲಿಲ್ಲ. ನಾನು ಬಾಯಿ ತೆರೆದರೆ ಸಾಕು, ಎಳೆ ಕಡಿಯುತ್ತಿತ್ತು.

ಮಕ್ಕಳ ಮುಂದೆ ಮಾತ್ರ ತೆಲುಗು ಕೂಡದು. "ಇಸ್ಕೂಲಲ್ಲಿ ಆಡ್ಕತಾರೆ, ಕನ್ನಡದಾಗೆ ಮಾತಾಡೇ" ಎನ್ನುವಳು. ನಮ್ಮ ಮಕ್ಕಳಿಗೆ ತೆಲುಗಿನ ಒಂದು ಮಾತೂ ಬರಲಿಲ್ಲ.

ಬಿಡದಿ ಕಡೆ ಕಾರ್ಖಾನೆಗಳು ಎದ್ದವು. ಅಕ್ಕನ ಮಗ ಅಲ್ಲಿ ಪಾಳಿ ಕೆಲಸಕ್ಕೆ ಸೇರಿದ. ಇತ್ತ ಶೆಡ್ಡು ಮುಚ್ಚಿತು, ಅಕ್ಕನಿಗೆ ಮರೆವು ಹಿಡಿಯಿತು. ಮೊದಲು ಉರ್ದು ಹೋಯಿತು, ಆಮೇಲೆ ಕನ್ನಡ. ಅವಳ ಸೊಸೆ ರತ್ನ ನನ್ನ ಮನೆಗೆ ಓಡಿ ಬರುವಳು.

"ಚಿಕ್ಕತ್ತೆ, ಏನೋ ಕೇಳ್ತಾವ್ರೆ, ಒಸಿ ಬಂದು ಹೇಳಿ."

"ನಿನ್ನ ಸಾರಿಗೆ ಉಪ್ಪಿಲ್ವಂತೆ ಕಣೇ!"

ಹಾಗೆಂದು ನಾನು ತಮಾಷೆ ಮಾಡುವೆ; ಅಕ್ಕ ಬಹಳ ಸಲ ಕೇಳುತ್ತಿದ್ದದ್ದು ಬರೀ ನೀರು.

ಒಂದು ಬೆಳಿಗ್ಗೆ ಅಕ್ಕ ಕುದಿಯುವ ಅನ್ನದ ಪಾತ್ರೆಗೆ ಕೈ ಹಾಕಿದಳು. ನಾನು ಹೋದಾಗ ಮೊಣಕೈವರೆಗೆ ಬೊಬ್ಬೆ. ಆ ಬೆರಳುಗಳಲ್ಲೇ ಇನ್ನೂ ಎಳೆಯ ತುದಿ ತಡಕುತ್ತಿದ್ದಳು.

"ಮಂಟ ಮಂಟ ಅಂತಿದ್ರು. ದಿನಾ ಗೊಣಗ್ತಾರಲ್ಲ ಅಂತ ನಾನು ಹಿತ್ತಲಲ್ಲಿ ಬಟ್ಟೆ ಒಗೀತಾನೇ ಇದ್ದೆ" ಎಂದು ರತ್ನ ಅತ್ತಳು.

ಮಂಟ ಎಂದರೆ ಉರಿ. ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ.

ವಯಸ್ಸಾದ ಮಿದುಳಿನಲ್ಲಿ ಆಮೇಲೆ ಕಲಿತ ಮಾತು ಮೊದಲು ಅಳಿಸಿಹೋಗುವುದುಂಟು ಎಂದರು ಡಾಕ್ಟರು. ಅಕ್ಕನ ಕೈ ವಾಸಿಯಾಗಲಿಲ್ಲ. ಕೀವಾಯಿತು, ಜ್ವರ ಬಂತು, ಹೋದಳು. ಅವಳು ತೆಲುಗಿನಲ್ಲಿ ಏನು ಕೇಳಿದರೂ ತಿಳಿಯಲು ನಾನಿದ್ದೆ. ನಾಳೆ ನನ್ನ ಕನ್ನಡವೂ ಹೋದರೆ ನನಗೆ ಯಾರೂ ಇಲ್ಲ.

ಅದಕ್ಕೇ ಮೊನ್ನೆ ನನ್ನ ಸೊಸೆಯನ್ನು ಎದುರಿಗೆ ಕೂರಿಸಿಕೊಂಡೆ.

"ನೀಳ್ಳು ಅಂದ್ರೆ ನೀರು. ಮಂಟ ಅಂದ್ರೆ ಉರಿ. ಹೇಳು."

"ನಂಗ್ಯಾಕತ್ತೆ ಈಗ ತೆಲುಗು?"

"ಹೇಳು ಅಂದ್ನಲ್ಲ."

ನಗುತ್ತಲೇ ಹೇಳಿದಳು. ನಾನು ನಗಲಿಲ್ಲ. ಎದ್ದು ಒಲೆ ಆರಿಸಿ ಬಂದು, ಇನ್ನೊಂದು ಸಲ ಹೇಳಿಸಿದೆ.