ಮಾವನವರ ಮೊಪೆಡ್ಡಿನ ಹಿಂದೆ ಮೂವತ್ತೆರಡು ಕಿಲೋಮೀಟರು

ನಲವತ್ತೆರಡನೇ ವಯಸ್ಸಿನಲ್ಲಿ ನಾನು ಮ್ಯಾರಥಾನಿಗೆ ಹೆಸರು ಕೊಟ್ಟದ್ದು ಸಿಟ್ಟಿನಿಂದ. ನಾನು ವಿಜ್ಞಾನ ಕಲಿಸುತ್ತಿದ್ದ ಶಾಲೆಯ ಪಿ.ಟಿ. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, ಐದು ಕಿಲೋಮೀಟರಿನ ಓಟಕ್ಕೆ ಬನ್ನಿ ಮೇಡಂ, ಅದರಲ್ಲಿ ನಡೆದರೂ ಪರವಾಗಿಲ್ಲ ಎಂದು ನಕ್ಕಿದ್ದರು. ಮರುದಿನವೇ ನಲವತ್ತೆರಡು ಕಿಲೋಮೀಟರಿನ ಫಾರ್ಮು ತುಂಬಿದೆ. ಹದಿನೈದು ದಿನಗಳಲ್ಲಿ ಸಿಟ್ಟು ಇಳಿಯಿತು. ಫಾರ್ಮು ಮಾತ್ರ ಹಾಗೇ ಉಳಿಯಿತು.

ಆಗಿನ್ನೂ ಆಂಧ್ರಪ್ರದೇಶ ಒಂದೇ ಇತ್ತು. ನಮ್ಮ ಮನೆ ಹೈದರಾಬಾದಿನ ಕುಷಾಯಿಗೂಡದಲ್ಲಿ. ನಾನು, ನನ್ನ ಗಂಡ, ಅತ್ತೆ, ಮಾವ. ಮಾವನವರು ರಾಯಚೂರಿನಿಂದ ಬಂದು, ಅಲ್ಲೇ ಹತ್ತಿರದ ಕಾರ್ಖಾನೆಯೊಂದರ ಗೇಟಿನಲ್ಲಿ ಹಾಜರಿ ಬರೆದುಕೊಳ್ಳುತ್ತ ನಿವೃತ್ತರಾದವರು. ತಡವಾಗಿ ಬಂದವರ ನೆಪಗಳನ್ನು ಅವರಷ್ಟು ಕೇಳಿದವರು ಊರಲ್ಲಿ ಇನ್ನೊಬ್ಬರಿರಲಿಲ್ಲ.

ವಾರದ ದಿನಗಳ ಸಣ್ಣ ಓಟ ಹೇಗೋ ಸಾಗುತ್ತಿತ್ತು. ಕಷ್ಟವೆಲ್ಲ ಭಾನುವಾರದ್ದು. ಪ್ರತಿ ಭಾನುವಾರ ದೂರ ಎರಡು ಕಿಲೋಮೀಟರು ಬೆಳೆಯಬೇಕು. ಹದಿನಾಲ್ಕರವರೆಗೆ ಬೆಳೆಯಿತು. ಹದಿನಾರರ ದಿನ ಸೈನಿಕಪುರಿ ದಾಟಿದ ಮೇಲೆ ಕಾಲು ನೋಯಲಿಲ್ಲ, ಉಸಿರು ಕಟ್ಟಲಿಲ್ಲ, ಸುಮ್ಮನೆ ಬೇಸರವಾಯಿತು. ಯಾರು ಹೇಳಿದ್ದರು ನನಗೆ ಇದನ್ನು? ಆ ಹೊತ್ತಿಗೆ ಸರಿಯಾಗಿ ಒಂದು ಖಾಲಿ ಆಟೋ ಬಂತು. ಕೈ ತೋರಿಸಿದೆ.

"ಕ್ಯಾ ಹುವಾ ಅಮ್ಮಾ, ಕುತ್ತೇ ಪೀಛೇ ಲಗೇ ಕ್ಯಾ?" ಎಂದು ಆಟೋದವನು ಕಾಳಜಿಯಿಂದ ಕೇಳಿದ. ನಾಯಿ ಬೆನ್ನಟ್ಟಿತು ಎಂದೇ ಹೇಳಿದೆ. ನಮ್ಮ ಗಲ್ಲಿಯ ತಿರುವಿನಲ್ಲಿ ಇಳಿದು, ಬಾಟಲಿಯ ನೀರನ್ನು ಮುಖಕ್ಕೆ ಚಿಮುಕಿಸಿಕೊಂಡು, ಕೊನೆಯ ನೂರು ಹೆಜ್ಜೆ ಏದುಸಿರು ಬಿಡುತ್ತ ಓಡಿ ಮನೆ ಸೇರಿದೆ. ಮುಂದಿನ ಎರಡು ಭಾನುವಾರವೂ ಅದೇ ಆಯಿತು. ಡೈರಿಯಲ್ಲಿ ಮಾತ್ರ ಹದಿನೆಂಟು, ಇಪ್ಪತ್ತು ಎಂದು ಅಂದವಾಗಿ ಬರೆದಿಟ್ಟೆ.

ಮೂರನೇ ಸಲ ಮಾವನವರು ಬಾಗಿಲಲ್ಲಿ ಪೇಪರ್ ಹಿಡಿದು ಕೂತಿದ್ದರು. ಕನ್ನಡಕದ ಮೇಲಿಂದ ನೋಡಿದರು.

"ಅಲ್ಲವಾ, ನಿನಗ ಬೆವರು ಬರೇ ಮಾರಿಗಷ್ಟ ಬರತೈತೇನು? ಬೆನ್ನು ಒಣಗೇ ಐತಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಪೇಪರಿನ ಹಾಳೆ ತಿರುವಿದರು. ನನ್ನ ಗಂಡನಿಗೂ ಹೇಳಲಿಲ್ಲ. ಆದರೆ ಮುಂದಿನ ಭಾನುವಾರ ಬೆಳಗಿನ ಐದಕ್ಕೆ ಗೇಟು ತೆಗೆದರೆ, ಅವರು ಮಂಕಿ ಟೋಪಿ ಹಾಕಿಕೊಂಡು ತಮ್ಮ ಹಳೇ ಮೊಪೆಡ್ ಹಿಡಿದು ನಿಂತಿದ್ದರು. ಹ್ಯಾಂಡಲ್ಲಿಗೆ ನೀರಿನ ಬಾಟಲಿ, ಬಾಳೆಹಣ್ಣಿನ ಚೀಲ.

"ಮಾವಾರ, ನೀವ್ಯಾಕ್ರಿ ಈ ಥಂಡ್ಯಾಗ?"

"ನಾ ನನ್ನ ಪಾಡಿಗೆ ಗಾಡಿ ಹೊಡೀತೀನಿ. ನೀ ನಿನ್ನ ಪಾಡಿಗೆ ಓಡು."

ಮೊಪೆಡ್ ನನ್ನಷ್ಟು ನಿಧಾನವಾಗಿ ಓಡಲಾರದು. ಅವರು ಮುಂದೆ ಹೋಗಿ ಒಂದು ಕಡೆ ನಿಲ್ಲುವರು, ನಾನು ಮುಟ್ಟಿದ ಕೂಡಲೇ ನೀರು ಕೊಟ್ಟು ಮತ್ತೆ ಹೊರಡುವರು. ಹುರಿದುಂಬಿಸುವ ಒಂದು ಮಾತೂ ಇಲ್ಲ. ಹದಿನಾಲ್ಕು ಮುಗಿದು ನನ್ನ ಮುಖ ಬಾಡಿದ್ದನ್ನು ನೋಡಿ, ಬಾಳೆಹಣ್ಣು ಸುಲಿಯುತ್ತ ಅಂದರು:

"ನಿಮ್ಮ ಅತ್ತಿಗಿಂತ ಮೊದಲು ನನಗ ಬ್ಯಾರೆ ಹುಡುಗಿ ಜೋಡಿ ಲಗ್ನ ಗೊತ್ತಾಗಿತ್ತು."

ಇಷ್ಟು ಹೇಳಿ ಗಾಡಿ ಹೊಡೆದುಕೊಂಡು ಹೋಗೇ ಬಿಟ್ಟರು! ಹದಿನಾರು ವರ್ಷ ಆ ಮನೆಯಲ್ಲಿದ್ದು ಈ ಸುದ್ದಿ ನನ್ನ ಕಿವಿಗೆ ಬಿದ್ದಿರಲಿಲ್ಲ. ಬೇಸರ ಮರೆತು ಓಡಿದೆ. ಒಂದು ಚಹಾದಂಗಡಿಯೆದುರು ಸಿಕ್ಕರು. "ಆಮ್ಯಾಲೇನಾತ್ರಿ?" ಎಂದೆ. ಮದುವೆಯ ಸೀರೆ ತರಲು ಇದೇ ಊರಿನ ಸುಲ್ತಾನ್ ಬಜಾರಿಗೆ ಹೋದರಂತೆ. ಅಂಗಡಿಯಲ್ಲಿ ಅಪರಿಚಿತ ಹುಡುಗಿಯೊಬ್ಬಳು, ಇವರಿಗೆ ಕನ್ನಡ ಬಾರದೆಂದು ತಿಳಿದು, "ಆ ಹಸಿರು ಸೀರಿ ಹಿಡಕೊಂಡಾವಗ ಕಣ್ಣು ಕಾಣಸ್ತಾವೋ ಇಲ್ಲೋ" ಎಂದು ತನ್ನ ತಾಯಿಗೆ ಹೇಳಿದಳಂತೆ. ಮುಂದೆ? ಮುಂದಿನದು ಮುಂದಿನ ಸಿಗ್ನಲ್ಲಿನಲ್ಲಿ. ಹೀಗೆ ಆ ಮಾತಿಗೆ ಹತ್ತಿದ ಜಗಳ, ಮುರಿದುಬಿದ್ದ ಮೊದಲ ಸಂಬಂಧ, ಕನ್ಯೆ ನೋಡಲು ಹೋದರೆ ಎದುರಿಗೆ ಅದೇ ಹುಡುಗಿ, ಅಂದರೆ ನಮ್ಮ ಅತ್ತೆ! ಎಲ್ಲ ಮುಗಿಯುವ ಹೊತ್ತಿಗೆ ಇಪ್ಪತ್ತೆರಡು ಕಿಲೋಮೀಟರು ಆಗಿತ್ತು. ಬೆನ್ನೂ ಒದ್ದೆಯಾಗಿತ್ತು.

ಖುಷಿ ತಡೆಯಲಾರದೆ ಅಡುಗೆಮನೆಗೆ ಹೋಗಿ ಕೇಳಿಯೇ ಬಿಟ್ಟೆ, "ಅತ್ತ್ಯಾರ, ಆ ಹಸಿರು ಸೀರಿ ಕಥಿ ನನಗ ಯಾಕ ಹೇಳಿಲ್ರಿ?"

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. "ಲಗ್ನ ಆಗೋತನಕ ನಾ ಹೈದರಾಬಾದ್ ಮಾರೀನ ನೋಡಿದಾಕಿ ಅಲ್ಲ," ಎಂದರು. ಆಮೇಲೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. "ಏನ್ರಿ, ಯಾರಾಕಿ ಆ ಮೊದಲಿನಾಕಿ?"

"ಯಾರೂ ಇಲ್ಲ ಮಾರಾಯ್ತಿ. ಹುಡುಗಿ ಓಡ್ಲಿ ಅಂತ ಹೇಳಿದೆ."

"ಮತ್ತ ಹಸಿರು ಸೀರಿ ಹೆಂಗ ನೆನಪಾತು?"

ಮಾವನವರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಆ ವಾರವೆಲ್ಲ ಅವರ ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ನಾನು ಕ್ಷಮೆ ಕೇಳಿದರೆ, "ಇರಲಿ ಬಿಡವಾ, ಇಪ್ಪತ್ತೆರಡು ಆತಲ್ಲ," ಎಂದರು.

ಮುಂದಿನ ಭಾನುವಾರ ಮೊಪೆಡ್ಡಿನ ಹಿಂದೆ ಅತ್ತೆಯೂ ಕೂತಿದ್ದರು, ಶಾಲು ಹೊದ್ದು, ತೊಡೆಯ ಮೇಲೆ ಬಾಳೆಹಣ್ಣಿನ ಚೀಲ ಇಟ್ಟುಕೊಂಡು. ಇನ್ನೇನೇನು ಹೇಳುತ್ತಾರೋ ಎದುರೇ ಕೇಳಬೇಕಂತೆ. ಇಬ್ಬರ ಭಾರಕ್ಕೆ ಗಾಡಿ ಸರಿಯಾಗಿ ನನ್ನ ವೇಗಕ್ಕೆ ಇಳಿಯಿತು. ಕಥೆಯ ಅಗತ್ಯವೇ ಬೀಳಲಿಲ್ಲ. ಲಗ್ನವಾಗಿ ಬಂದ ಬಸ್ಸಿನಲ್ಲಿ ಟ್ರಂಕು ಮರೆತದ್ದು ಯಾರು, ನನ್ನ ನಾದಿನಿಯ ಮದುವೆಯಲ್ಲಿ ಬೀಗರ ಎದುರು ನಿದ್ದೆ ಹೋದವರು ಯಾರು, ನಲವತ್ತೈದು ವರ್ಷಗಳ ಜಗಳ ಆಲ್ವಾಲ್ ರಸ್ತೆಯುದ್ದಕ್ಕೂ ನಡೆಯಿತು. ನಾನು ಪಕ್ಕದಲ್ಲೇ ಓಡುತ್ತ ಒಂದು ಮಾತೂ ಬಿಡದೆ ಕೇಳಿದೆ. ಒಂದೊಂದು ಸಲ ಅತ್ತೆ ನನ್ನ ಕಡೆ ತಿರುಗಿ, "ನೀನಽ ಹೇಳವಾ, ಇದು ನ್ಯಾಯ ಏನು?" ಎನ್ನುವರು. ಏದುಸಿರಿನಲ್ಲಿ ಉತ್ತರ ಬಾರದ್ದು ನನ್ನ ಪುಣ್ಯ. ಹಾಗೆ ಒಂದು ದಿನ ಜೀಡಿಮೆಟ್ಲಾದವರೆಗೂ ಹೋಗಿ, ಕಾರ್ಖಾನೆಗಳ ವಾಸನೆಗೆ ಮೂವರೂ ಮೂಗು ಮುಚ್ಚಿ ತಿರುಗಿ ಬಂದೆವು. ಮೂವತ್ತೆರಡು!

ಓಟದ ದಿನ ಮಾವನವರ ಗಾಡಿಯನ್ನು ದಾರಿಯೊಳಗೆ ಬಿಡಲಿಲ್ಲ. ಮೂವತ್ತೈದರ ನಂತರ ನನ್ನ ಹಿಂದೆ ಉಳಿದದ್ದು, ಸೋತವರನ್ನು ತುಂಬಿಕೊಳ್ಳುವ ಬಸ್ಸೊಂದೇ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಕ್ಕಂಡಿ ಅಮ್ಮಾ, ಏಸಿ ಉಂದಿ," ಹತ್ತಿರಿ, ಏಸಿ ಇದೆ ಎಂದು ಪ್ರೀತಿಯಿಂದ ಕರೆಯುತ್ತಲೇ ಇದ್ದ. ಅಳು ಬಂತು. ಅಳುತ್ತಲೇ ಓಡಿದೆ, ಓಡಿದ್ದಕ್ಕಿಂತ ನಡೆದದ್ದೇ ಹೆಚ್ಚು. ನಾನು ಮುಟ್ಟುವಾಗ ಓಟ ಮುಗಿಯುವ ಗೆರೆಯ ಬ್ಯಾನರನ್ನು ಇಬ್ಬರು ಬಿಚ್ಚುತ್ತಿದ್ದರು. ನನ್ನನ್ನು ನೋಡಿ ಮತ್ತೆ ಎತ್ತಿ ಹಿಡಿದರು. ನಾನು ಅದರ ಕೆಳಗೆ ಬಗ್ಗಿ ದಾಟಿದೆ.

ನೆರಳಲ್ಲಿ ಕಾಯುತ್ತಿದ್ದ ಅತ್ತೆ ಪದಕವನ್ನು ಅಂಗೈಯಲ್ಲಿಟ್ಟು ತೂಗಿ, "ಇಷ್ಟ ಹಗೂರ ಐತಿ?" ಎಂದು, ಮೊಸರನ್ನದ ಡಬ್ಬಿ ಬಿಚ್ಚಿ ಕೊಟ್ಟರು. ಫುಟ್‌ಪಾತಿನ ಮೇಲೆ ಕೂತು ತಿಂದೆ. ತಿಂದ ಮೇಲೆ ಏಳಲು ಆಗಲಿಲ್ಲ. ಮಾವ ಒಂದು ಕೈ, ಅತ್ತೆ ಒಂದು ಕೈ ಹಿಡಿದು ಎಳೆದರು. ನಾನು ಏಳುವ ಬದಲು ಅವರಿಬ್ಬರೂ ಜೋಲಿ ತಪ್ಪಿ ನನ್ನ ಪಕ್ಕಕ್ಕೇ ಕುಸಿದು ಕೂತರು. ಬಿಸಿಲು ಏರುತ್ತಿತ್ತು. ಮೂವರಿಗೂ ನಗು ನಿಲ್ಲುವವರೆಗೆ ಅಲ್ಲೇ ಕೂತಿದ್ದೆವು.